ಬರೆಯುವ ಕೈಗೆ ಹೊಸ ಫೈಲು

“ಅತ್ತೆ, ಕೈಕೆಲಸ ಬಿಡಬೇಡಿ, ಕಿವಿ ಮಾತ್ರ ಈ ಕಡೆ ಇರಲಿ. ನಮ್ಮ ಆಸ್ಪತ್ರೆ ಸರ್ವರ್ ಇದೆಯಲ್ಲ, ಅದು ತಾನು ಮಾಡಿದ್ದನ್ನೆಲ್ಲ ಒಂದು ಫೈಲಲ್ಲಿ ಬರ್ಕೊಂಡು ಹೋಗುತ್ತೆ. ಯಾವ ರಿಪೋರ್ಟ್ ಹೋಯ್ತು, ಎಲ್ಲಿ ಎಡವಿದ್ದು, ಎಲ್ಲಾ. ಅದಕ್ಕೆ ಲಾಗ್ ಅಂತಾರೆ. ಅದು ಬೆಳೆದೂ ಬೆಳೆದೂ ಇದ್ದ ಜಾಗ ನುಂಗಿದ್ರೆ ಸರ್ವರ್ ನಿಲ್ಲುತ್ತೆ. ಅದಕ್ಕೇ ದಿನಾ ಬೆಳಿಗ್ಗೆ ಐದಕ್ಕೆ ತಾನಾಗೇ ಹಳೇ ಫೈಲ್ ಪಕ್ಕಕ್ಕೆ ಸರಿದು, ಹೊಸದು ಶುರುವಾಗಿ, ಹದಿನಾಲ್ಕು ದಿನ ದಾಟಿದ್ದು ಅಳಿಸಿಹೋಗೋ ಹಾಗೆ ಮಾಡಿದೀನಿ. ಆದ್ರೂ ಜಾಗ ತುಂಬ್ತಾನೇ ಇದೆ. ಯಾಕೆ?”

ಉತ್ತರ ನನ್ನಿಂದ ಬರಬೇಕೆಂದಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಎಳೆದೆಳೆದು ಜೋತುಬಿದ್ದ ಬೂದು ಸ್ವೆಟರಿನ ತೋಳಿನೊಳಗೆ ಬೆರಳುಗಳನ್ನು ಅಡಗಿಸಿಕೊಂಡು, ಪೆನ್ನನ್ನು ತುರುಬಿಗೆ ಸಿಕ್ಕಿಸಿ ಅದನ್ನೇ ಮನೆಯೆಲ್ಲ ಅರಸುತ್ತ, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಹಿಮ್ಮಡಿ ಊರದೆ ಅಲೆಯುವ ನನ್ನ ಸೊಸೆಗೆ ಹೂಂಗುಟ್ಟುವ ಒಂದು ಜೀವ ಸಾಕು. ಒಮ್ಮೆ ಸಿಲಿಂಡರ್ ತಂದವನನ್ನೇ ನಿಲ್ಲಿಸಿಕೊಂಡಿದ್ದಳು. “ಅಕ್ಕ, ಎಲ್ಲಾ ಸರಿ, ಇದನ್ನ ಎಲ್ಲಿಡ್ಲಿ ಹೇಳಿ,” ಅಂದಿದ್ದ ಪುಣ್ಯಾತ್ಮ.

ಆ ತಿಂಗಳು ಸರ್ವರ್ ಎರಡು ಸಲ ನಿಂತು, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾದವರು ಮಧ್ಯಾಹ್ನದವರೆಗೂ ಬೆಂಚು ಬಿಟ್ಟು ಏಳಲಾಗಿರಲಿಲ್ಲ. ಮೂರನೆಯ ಸಲ ನಿಂತರೆ ಅದರ ಹೊಣೆ ಬೇರೆಯವರಿಗೆ ಎಂದು ಮೇಲಧಿಕಾರಿ ಹೇಳಿಯಾಗಿತ್ತು.

“ದಿನದಿನದ ಫೈಲೂ ಸಾಲಾಗಿದೆ ಅತ್ತೆ. ನಿನ್ನೇದು ಖಾಲಿ, ಮೊನ್ನೇದು ಖಾಲಿ...” ನಡಿಗೆ ಅಲ್ಲೇ ನಿಂತಿತು.

“ಹೂಂ, ಆಮೇಲೆ?”

“ಖಾಲಿ ಯಾಕಿರಬೇಕು? ಹೊಸ ಫೈಲ್ ಬಂದಿದೆ ಅಂತ ಬರೆಯೋ ಪ್ರೋಗ್ರಾಮಿಗೆ ನಾನು ಹೇಳೇ ಇಲ್ಲ. ಅದು ಹಳೇದನ್ನೇ ಹಿಡ್ಕೊಂಡು ಅದರಲ್ಲೇ ಗೀಚ್ತಿದೆ. ನಾವು ಅಳಿಸಿದ್ರೂ ಅದು ಹಿಡಿತ ಬಿಟ್ಟಿಲ್ಲ, ಜಾಗ ಹೇಗೆ ಸಿಗುತ್ತೆ?”

“ಪಾಪ, ಹೇಳದೇ ಇದ್ರೆ ಅದಕ್ಕೇನು ಕನಸು ಬೀಳುತ್ತಾ?”

“ನೀವು ಅದರ ಪರಾನೇ ಮಾತಾಡಿ,” ಎಂದು ನಕ್ಕು, ತುರುಬಿನ ಪೆನ್ನನ್ನು ಮರೆತೇ ಕಂಪ್ಯೂಟರಿನ ಮುಂದೆ ಕೂತಳು. ಫೈಲು ಬದಲಾದೊಡನೆ ಬರೆಯುವ ಪ್ರೋಗ್ರಾಮಿಗೂ ಹೇಳಿಕಳುಹಿಸುವ ಒಂದೇ ಸಾಲು ಸೇರಿಸಿದಳಂತೆ. ಮರುದಿನ ಮಧ್ಯಾಹ್ನ ಫೋನು ಬಂತು. “ಅರ್ಧಕ್ಕರ್ಧ ಜಾಗ ಖಾಲಿ ಅತ್ತೆ. ಬೆಂಚೂ ಖಾಲಿ.”

ತಪ್ಪನ್ನು ಮುಚ್ಚಿಟ್ಟು ಜಾಣರೆನಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಮಾಡಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಿ, ತಮ್ಮ ಬಾಯಿಂದಲೇ ತಮ್ಮ ತಪ್ಪನ್ನು ಕೇಳಿಸಿಕೊಳ್ಳುವವರು ವಿರಳ. ಅಂಥವರ ಕೈಯಲ್ಲಿ ಕೆಲಸ ಕೆಟ್ಟರೂ ಕೆಟ್ಟೇ ಉಳಿಯುವುದಿಲ್ಲ. ಫೋನಿಟ್ಟು, ಬೂದು ಸ್ವೆಟರಿನ ಜೇಬು ತಡವಿ, ಮೂರು ಪೆನ್ನು ತೆಗೆದಿಟ್ಟು, ಸ್ವೆಟರನ್ನು ಸೋಪಿನ ನೀರಿಗೆ ಅದ್ದಿದೆ.