ಗುಂಡಿಯ ಪಾಲಿನ ನೀರು

"ಕೈಯೇನು ಕೊಳೆತು ಹೋಗಿದ್ಯೇನೇ ಮುಂಡೇದೇ? ಚಕ್ರ ಕಿರುಗುಟ್ಟೋದು ನನ್ನ ಹೆಂಡ್ತಿ ಗಂಟಲಿಗಿಂತ ಜೋರಾಗಿ ಕೇಳ್ತಿದೆ! ಎಣ್ಣೆ ಹಾಕೇ! ಸಾಯಂಕಾಲ ಒಂದೇ ಒಂದು ಸದ್ದು ಬಂದ್ರೂ ನಿನ್ನ ನಾಲಿಗೆ ಕಿತ್ತು ಅದ್ರಲ್ಲೇ ಉಜ್ಜಿಸ್ತೀನಿ!"

ಮೇಸ್ತ್ರಿ ಬಾಯಿ ತೆಗೆದನೆಂದರೆ ದಂಡೆಯ ಏಡಿಗಳೆಲ್ಲ ಅಡ್ಡಡ್ಡ ನಡೆಯುವುದನ್ನು ಮರೆತು ನೇರವಾಗಿ ಓಡುತ್ತಿದ್ದವು. ಕಡಲು ಕೂಡ ಒಂದು ಮಾರು ಹಿಂದೆ ಸರಿದು, ಇವನ ಉಸಿರು ಮುಗಿಯಲಿ ಎಂದು ಕಾಯುತ್ತಿತ್ತು. ತೂಬುಮನೆಯೊಳಗೆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಚಕ್ರಮ್ಮ ಮಾತ್ರ ಸರಿಯಲಿಲ್ಲ. ಸರಿಯಲು ಅಲ್ಲಿ ಜಾಗವೇ ಇರಲಿಲ್ಲ.

"ಹಾಕ್ತಾ ಇದೀನಿ ಅಣ್ಣಾ."

"ಅಣ್ಣ ಅಂತೆ, ಅಣ್ಣ! ಒಂದೇ ಹೊಟ್ಟೇಲಿ ಹುಟ್ಟಿದ್ವೇನೇ ನಾವು? ಮೇಸ್ತ್ರಿ ಅನ್ನು."

"ಹಾಕ್ತಾ ಇದೀನಿ ಮೇಸ್ತ್ರಿ."

ಅವಳನ್ನು ಹೆತ್ತವರು ಏನೋ ಹೆಸರಿಟ್ಟಿದ್ದರು. ಗಾಡಿಯ ಗಾಲಿಯಷ್ಟು ದೊಡ್ಡದಾದ ಆ ಕಬ್ಬಿಣದ ಚಕ್ರಕ್ಕೆ ಕೈ ಹಚ್ಚಿದ ದಿನದಿಂದ ಹೆಸರು ತುಕ್ಕು ಹಿಡಿದು ಉದುರಿತು, ಚಕ್ರಮ್ಮ ಉಳಿದಳು. ಅವಳ ತೋಳು ನೋಡಿದ ಕುಸ್ತಿಯವರು ಊರು ಬಿಟ್ಟು ಹೋಗಿ ದರ್ಜಿ ಕೆಲಸ ಕಲಿತರೆಂದು ಅವಳ ಕೇರಿಯಾದ ಗುಂಡಿಯಲ್ಲಿ ಹೇಳುತ್ತಾರೆ. ಗುಂಡಿಯವರು ಸುಳ್ಳು ಹೇಳುವವರಲ್ಲ, ಸ್ವಲ್ಪ ಉಬ್ಬಿಸುತ್ತಾರೆ ಅಷ್ಟೇ.

ಆ ಕಡಲಂಚಿನ ಬಡಾವಣೆಯ ಭೂಗೋಳ ಬಹಳ ಸುಲಭ. ಕಡಲಿನಿಂದ ಒಂದು ಕಾಲುವೆ ಒಳಗೆ ಬರುತ್ತದೆ. ತೂಬುಮನೆಯ ಹತ್ತಿರ ಅದು ಎರಡಾಗಿ ಕವಲೊಡೆಯುತ್ತದೆ. ಬಲಗಾಲುವೆ ಬಂಗಲೆಗಳ ಹುಲ್ಲುಹಾಸಿನ ನಡುವೆ ಸೊಂಟ ಬಳುಕಿಸಿಕೊಂಡು ಹೋಗುತ್ತದೆ. ಎಡಗಾಲುವೆ ಗುಂಡಿಗೆ ಬಂದು ಬೀಳುತ್ತದೆ. ಬಲಗಾಲುವೆಗೆ ಕಬ್ಬಿಣದ ಬಾಗಿಲುಂಟು. ಚಕ್ರ ತಿರುಗಿಸಿದರೆ ಆ ಬಾಗಿಲು ಇಳಿಯುತ್ತದೆ. ಎಡಗಾಲುವೆಗೂ ಒಂದು ಬಾಗಿಲು ಮಾಡಿಸುತ್ತೇವೆಂದು ಬಂದುಹೋದ ಬಡಾವಣೆಯ ಅಧ್ಯಕ್ಷರೆಲ್ಲ ಮಾತು ಕೊಟ್ಟಿದ್ದರು. ಆ ಮಾತುಗಳನ್ನೇ ಒಟ್ಟಿದ್ದರೆ ಕಡಲಿಗೆ ಅಡ್ಡಗೋಡೆಯೇ ಆಗುತ್ತಿತ್ತು.

ಇತಿಹಾಸ ಇನ್ನೂ ಸುಲಭ. ಮೊದಲು ಅಲ್ಲಿ ಜವುಗು ಬಿಟ್ಟರೆ ಏನೂ ಇರಲಿಲ್ಲ. ಕೂಲಿಯವರನ್ನು ತಂದರು. ಅವರು ಒಂದು ಕಡೆ ಅಗೆದರು, ಇನ್ನೊಂದು ಕಡೆ ಸುರಿದರು. ಸುರಿದಲ್ಲಿ ಬಂಗಲೆಗಳು ಎದ್ದವು. ಅಗೆದಲ್ಲಿ ಅಗೆದವರು ಉಳಿದರು.

ಉಬ್ಬರ ಏರಿದಾಗ ಚಕ್ರಮ್ಮ ಬಲಗಾಲುವೆಯ ಬಾಗಿಲು ಇಳಿಸಬೇಕು. ಆಗ ಬಂಗಲೆಯವರ ಹುಲ್ಲುಹಾಸು ಒಣಗಿರುತ್ತದೆ, ಅವರ ಪಾಲಿನ ನೀರೂ ಸೇರಿ ಗುಂಡಿಗೆ ನುಗ್ಗುತ್ತದೆ. ಅಂದರೆ ತನ್ನ ಮನೆಯನ್ನು ತಾನೇ ಮುಳುಗಿಸುವುದಕ್ಕೆ ಅವಳಿಗೆ ಸಂಬಳ. ಇಳಿಸದಿದ್ದರೆ ಸಂಬಳವಿಲ್ಲ, ಮನೆಯೂ ಇಲ್ಲ, ಯಾಕೆಂದರೆ ಮನೆ ಕೆಲಸಕ್ಕೆ ಅಂಟಿಕೊಂಡು ಬಂದದ್ದು. ಹೀಗೆ ಆಲೋಚಿಸುತ್ತ ಕೂತರೆ ತಲೆಯೂ ಚಕ್ರದ ಹಾಗೆ ತಿರುಗುತ್ತದೆಂದು ಅವಳು ಆಲೋಚಿಸುವುದನ್ನೇ ಬಿಟ್ಟಿದ್ದಳು.

ಒಂದು ಪದ್ಧತಿಯಿತ್ತು. ಚಕ್ರಕ್ಕೆ ಕೈ ಹಚ್ಚುವ ಮೊದಲು, ತೂಬುಮನೆಯ ಸೂರಿಗೆ ನೇತುಹಾಕಿದ್ದ ರೈಲುಕಂಬಿಯ ತುಂಡನ್ನು ಸುತ್ತಿಗೆಯಿಂದ ಬಾರಿಸಬೇಕು. ಆ ಸದ್ದು ಕೇಳಿದ್ದೇ ತಡ, ಗುಂಡಿಯವರೆಲ್ಲ ಒಲೆ, ಹಾಸಿಗೆ, ಕೋಳಿ, ಕೂಸು, ಮುದುಕರನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಎಲ್ಲಕ್ಕಿಂತ ಭಾರದ ಸಾಮಾನು ಚಕ್ರಮ್ಮನ ಅಪ್ಪ. ಅವಳು ತೂಬಿನಲ್ಲಿರುತ್ತಿದ್ದುದರಿಂದ ಪಕ್ಕದ ಮನೆಯ ಗಂಡಸರು ಅವನನ್ನು ಹೊದಿಕೆಯ ಸಮೇತ ಎತ್ತಿ ಮೇಲಿಡುತ್ತಿದ್ದರು.

ಅಪ್ಪನ ಸೊಂಟದ ಕೆಳಗೆ ಜೀವವಿರಲಿಲ್ಲ. ಅವನ ಕಾಲದಲ್ಲಿ ಚಕ್ರ ಅವನದೇ. ಒಂದು ಉಬ್ಬರದಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡು ಬಾಗಿಲು ಇಳಿಯಲೇ ಇಲ್ಲ. ನೀರು ಎರಡೂ ಕಡೆಗೆ ಹಂಚಿಹೋಗಿ ಬಂಗಲೆಯವರಿಗೆ ಪಾದ ಮುಳುಗಿತು, ಗುಂಡಿಯವರಿಗೆ ಮೊಣಕಾಲು. ಅಷ್ಟೇ. ಪಾದ ಮುಳುಗಿದ್ದಕ್ಕೆ ಅಂದಿನ ಮೇಸ್ತ್ರಿ ಅವನನ್ನು ತೂಬಿನ ಮೆಟ್ಟಿಲ ಮೇಲಿಂದ ಒದ್ದು ಕೆಡವಿದ.

ಅಪ್ಪ ಹೇಳುವುದೇ ಬೇರೆ.

"ತಿಮಿಂಗಿಲ ಕಣೇ," ಎಂದ ಅವನು ಆ ಮಧ್ಯಾಹ್ನ, ಮಗಳು ತುತ್ತು ಮಾಡಿ ಬಾಯಿಗಿಡುವಾಗ. "ಕಾಲುವೆಗೆ ಮೂತಿ ತೂರಿಸ್ತು. ನಾನು ಎರಡೂ ಕಾಲು ಕೊಟ್ಟು ಒದ್ದೆ. ಅದು ಓಡ್ಹೋಯ್ತು, ಕಾಲು ಅದ್ರ ಜೊತೆ ಹೋಯ್ತು."

"ಹೋದ್ಸಲ ಹಡಗು ಅಂದಿದ್ಯಲ್ಲಪ್ಪಾ."

"ಹಡಗಿನ ಹಿಂದೆ ತಿಮಿಂಗಿಲ. ಪೂರ್ತಿ ಕೇಳ್ತೀಯಾ ನೀನು? ಅರ್ಧ ಕೇಳಿ ಎದ್ದುಹೋಗ್ತೀಯ, ನಿಮ್ಮಮ್ಮನ ಥರ."

"ತಿನ್ನು ಮೊದ್ಲು. ಇವತ್ತು ಹುಣ್ಣಿಮೆ, ದೊಡ್ಡ ನೀರು ಬರುತ್ತೆ."

"ಬರ್ಲಿ ಬಿಡು. ಈ ಬಡಾವಣೆ ಅನ್ನೋದನ್ನ ತಲೆ ಮೇಲೆ ಹೊತ್ತು ತಂದಿಟ್ಟೋನು ನಾನು. ನಿಮ್ಮಜ್ಜ ಎರಡು ಬುಟ್ಟಿ ಹೊತ್ತಿರ್ಬಹುದು, ಮಿಕ್ಕಿದ್ದೆಲ್ಲ ನಾನೇ. ನೀರಿಗೆ ಹೆದರ್ತೀನಾ?" ಆಮೇಲೆ ದನಿ ತಗ್ಗಿಸಿ ಕೇಳಿದ, "ಎತ್ತೋರು ಇದಾರಾ ಪಕ್ಕದ್ಮನೇಲಿ? ಬೆಳಿಗ್ಗೆಯಿಂದ ಯಾರ ಮಾತೂ ಕೇಳ್ತಿಲ್ಲ."

ಇರಲಿಲ್ಲ. ಬಡಾವಣೆಗೆ ನೂರು ವರ್ಷ ತುಂಬಿದ ಸಮಾರಂಭ. ಹುಣ್ಣಿಮೆಯ ಬೆಳದಿಂಗಳು ಕಡಲ ಮೇಲೆ ಚೆಲ್ಲುವುದು ನೋಡಲು ಚಂದ ಎಂದು ಆ ದಿನವನ್ನೇ ಆರಿಸಿದ್ದರು. ಗುಂಡಿಯಲ್ಲಿ ಕೈಕಾಲು ಆಡುವವರನ್ನೆಲ್ಲ ಕುರ್ಚಿ ಹೊರಲು, ಗುಡಿಸಲು, ಲೋಟ ತೊಳೆಯಲು ಬೆಳಿಗ್ಗೆಯೇ ಹೊಡೆದುಕೊಂಡು ಹೋಗಿದ್ದರು.

"ಕಂಬಿ ಬಾರಿಸಿದ್ರೆ ಓಡಿಬರ್ತಾರಪ್ಪ. ಬಂಗಲೆ ಎಷ್ಟು ದೂರ?" ಎಂದಳು ಚಕ್ರಮ್ಮ.

ಬರುತ್ತಾರೆಂಬುದು ಅವಳಿಗೂ ಗೊತ್ತಿತ್ತು. ಆ ಕಂಬಿಯ ಸದ್ದಿಗೆ ಸತ್ತವರೂ ಎದ್ದು ಹಾಸಿಗೆ ಸುತ್ತುತ್ತಾರೆ.

ತೂಬಿಗೆ ಹಿಂತಿರುಗುವಾಗ ಬಂಗಲೆಗಳ ಹುಲ್ಲುಹಾಸಿನ ಮೇಲೆ ಎಬ್ಬಿಸಿದ್ದ ಪೆಂಡಾಲಿನೊಳಗೆ ಮೇಸ್ತ್ರಿ ಅವಳನ್ನು ಕರೆದ. ನೀರಿನ ಕ್ಯಾನು ಎತ್ತಿಡಬೇಕಿತ್ತು. ಅಲ್ಲಿ ಒಂದು ದೊಡ್ಡ ಮೇಜಿನ ಮೇಲೆ ಬಡಾವಣೆಯನ್ನು ಪುಟ್ಟದಾಗಿ ಮಾಡಿಟ್ಟಿದ್ದರು. ಕಡ್ಡಿಪೆಟ್ಟಿಗೆಯಷ್ಟು ಬಂಗಲೆಗಳು, ಬಾಚಣಿಗೆಯ ಹಲ್ಲಿನಂಥ ಮರಗಳು, ನೀಲಿ ಬಣ್ಣದ ಕಡಲು. ಚಕ್ರಮ್ಮ ಕ್ಯಾನು ಹೆಗಲ ಮೇಲಿಟ್ಟುಕೊಂಡೇ ತನ್ನ ಮನೆ ಹುಡುಕಿದಳು. ತೂಬು ಸಿಕ್ಕಿತು. ಎಡಗಾಲುವೆ ಸಿಕ್ಕಿತು. ಅದು ಮುಗಿಯುವಲ್ಲಿ ಗುಂಡಿಯಿರಲಿಲ್ಲ, ಒಂದು ಕೆರೆಯಿತ್ತು. ಕೆರೆಯಲ್ಲಿ ಬಿಳಿ ಬಾತುಕೋಳಿಗಳು.

"ಏನಮ್ಮಾ ಹುಡುಕ್ತಾ ಇದ್ದೀಯಾ?" ಅಧ್ಯಕ್ಷರು ಕೇಳಿದರು. ಮೇಸ್ತ್ರಿಯ ಹಾಗಲ್ಲ ಅವರು. ಅವರ ಮಾತು ಎಷ್ಟು ಮೆತ್ತಗೆಂದರೆ ಅದರಲ್ಲಿ ಮೂಳೆ ಎಲ್ಲಿದೆಯೆಂದು ಗಂಟಲಿಗೆ ಸಿಕ್ಕಿಕೊಂಡಾಗಲೇ ಗೊತ್ತಾಗುವುದು.

"ನಮ್ಮನೆ ಬುದ್ಧಿ."

"ಓ, ಗುಂಡಿ. ಅದು ಮುಂದಿನ ಯೋಜನೆ. ಕೆರೆ ಆಗುತ್ತೆ, ದೋಣಿ ಬಿಡ್ತೀವಿ. ನೀರು ಹೇಗೂ ಅಲ್ಲೇ ನಿಲ್ಲುತ್ತಲ್ಲ."

"ನಾವು ನಿಲ್ಲೋದೆಲ್ಲಿ ಬುದ್ಧಿ?"

ಅಧ್ಯಕ್ಷರು ನಕ್ಕರು. ಜೊತೆಯಲ್ಲಿದ್ದವರೂ ನಕ್ಕರು, ಚಕ್ರಮ್ಮ ಏನೋ ಒಳ್ಳೆಯ ಜೋಕು ಹೇಳಿದಳೆಂಬಂತೆ. ನಗು ಮುಗಿದ ಮೇಲೆ ಅಧ್ಯಕ್ಷರ ಕಣ್ಣು ಕೆಳಗೆ ಹೋಯಿತು.

"ಸ್ವಲ್ಪ ಆಚೆ ನಿಲ್ಲಮ್ಮ. ಕಾಲು ಒದ್ದೆಯಿದೆ, ರತ್ನಗಂಬಳಿ ಕೊಳೆಯಾಗುತ್ತೆ."

ಹೊತ್ತು ಇಳಿಯುವಾಗ ಕಾಲುವೆಯಲ್ಲಿ ನೀರು ಏರತೊಡಗಿತು. ಅಂಥ ಉಬ್ಬರವನ್ನು ಕಡಲು ಹುಟ್ಟಿದ ಮೇಲೆ ಕಡಲೇ ನೋಡಿರಲಿಲ್ಲ. ಮೇಸ್ತ್ರಿ ಹೊಸ ಅಂಗಿ ತೊಟ್ಟು ತೂಬುಮನೆಗೆ ಬಂದ.

"ಇಳ್ಸು ಬಾಗಿಲು."

ಚಕ್ರಮ್ಮ ಸುತ್ತಿಗೆ ಹಿಡಿದು ಹೊರಗೆ ಬಂದು ಸೂರು ನೋಡಿದಳು. ಖಾಲಿ ಹಗ್ಗ ಗಾಳಿಗೆ ಆಡುತ್ತಿತ್ತು.

"ಕಂಬಿ ಎಲ್ಲಿ?"

"ತೆಗ್ಸಿದೀನಿ. ಒಳಗೆ ದೊಡ್ಡೋರು ಭಾಷಣ ಮಾಡ್ತಿರ್ತಾರೆ, ನೀನು ಇಲ್ಲಿ ಢಣಢಣ ಅಂತ ಹೆಣ ಎತ್ತೋ ಥರ ಬಾರಿಸ್ತೀಯಾ?"

"ಅಪ್ಪನ್ನ ಎತ್ತಬೇಕು ಮೇಸ್ತ್ರಿ. ಇನ್ನೂ ಮುದುಕ್ರಿದಾರೆ."

"ಒಂಟೆನ ಕಳ್ಸಿದೀನಿ ಕಣೇ. ಜೊತೆಗೆ ಇಬ್ಬರು ಆಳು. ಆಗ್ಲೇ ಗುಂಡಿಗಿಳಿದಿರ್ತಾರೆ. ನಿಮ್ಮಪ್ಪ ಈಗ ಅಟ್ಟದ ಮೇಲೆ ಕೂತು ಬೀಡಿ ಸೇದ್ತಿರ್ತಾನೆ. ತಿರುಗ್ಸು."

ಒಂಟೆ ಅಂದರೆ ಪಕ್ಕದ ಮನೆಯವನು. ಅವನ ಎತ್ತರಕ್ಕೆ ಹಕ್ಕಿಗಳು ದಾರಿ ಬದಲಿಸುತ್ತಿದ್ದವು. ಅಪ್ಪನನ್ನು ಒಂದೇ ಕೈಯಲ್ಲಿ ಎತ್ತಬಲ್ಲವನು. ಅವನ ಹೆಸರು ಕೇಳಿದ್ದೇ ಚಕ್ರಮ್ಮನ ಎದೆ ಹಗುರಾಯಿತು. ಅವಳು ಚಕ್ರ ತಿರುಗಿಸಿದಳು. ಎಣ್ಣೆ ಕುಡಿದ ಚಕ್ರ ಒಂದೂ ಮಾತಾಡದೆ ತಿರುಗಿತು. ಬಾಗಿಲು ತಳ ಮುಟ್ಟಿತು. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಎಡಕ್ಕೆ ಹೊರಳಿತು.

"ಇಲ್ಲೇ ಬಿದ್ದಿರು. ನೀರು ಇಳಿಯೋವರೆಗೂ ಅಲ್ಲಾಡಬೇಡ," ಎಂದ ಮೇಸ್ತ್ರಿ. ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿದ ಸದ್ದು.

"ಬೀಗ ಯಾಕೆ ಮೇಸ್ತ್ರಿ?"

ಹೆಜ್ಜೆ ಸದ್ದು ದೂರವಾಯಿತು.

ತೂಬುಮನೆಗೆ ಎರಡು ಕಿಟಕಿ. ಎರಡಕ್ಕೂ ಸರಳು. ಒಂದರಲ್ಲಿ ಗುಂಡಿ ಕಾಣುತ್ತಿತ್ತು, ಒಂದರಲ್ಲಿ ಪೆಂಡಾಲು. ಅವಳು ಗುಂಡಿಯ ಕಡೆ ನೋಡಿದಳು. ನೀರು ಮೊದಲ ಮನೆಯ ಹೊಸ್ತಿಲು ದಾಟಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ಒಂದು ಬಿಂದಿಗೆ ಮಾತ್ರ ಉರುಳಾಡಿಕೊಂಡು ತೇಲಿ ಬರುತ್ತಿತ್ತು.

ಬರ್ತಾನೆ, ಉದ್ದ ಕಾಲಿನವನು, ಎರಡು ಹೆಜ್ಜೆಗೆ ಬರ್ತಾನೆ ಎಂದುಕೊಳ್ಳುತ್ತ ಅವಳು ಇನ್ನೊಂದು ಕಿಟಕಿಗೆ ಹೋದಳು.

ಪೆಂಡಾಲಿನಲ್ಲಿ, ಎಲ್ಲರ ತಲೆಗಿಂತ ಮೇಲೆ, ಒಂಟೆಯ ತಲೆ. ಅವನು ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಟೀ ಹಂಚುತ್ತಿದ್ದ. ಅವನ ಹಿಂದೆಯೇ ಗುಂಡಿಯ ಮಿಕ್ಕ ಗಂಡಸರು ಕುರ್ಚಿ ಜೋಡಿಸುತ್ತಿದ್ದರು.

"ಲೋ ಒಂಟೇ!" ಚಕ್ರಮ್ಮ ಕೂಗಿದಳು. "ಅಪ್ಪನ್ನ ಎತ್ರೋ! ನೀರು ಬಿಟ್ಟಾಯ್ತು ಕಣ್ರೋ!"

ಮೇಸ್ತ್ರಿಯ ಗಂಟಲಿಗೆ ಏಡಿ ಓಡಿದರೆ ಅವಳ ಗಂಟಲಿಗೆ ಬಂಡೆ ಓಡಬೇಕು, ಅಂಥ ಕೂಗು. ಆದರೆ ಪೆಂಡಾಲಿನ ಕಂಬಕಂಬಕ್ಕೂ ಧ್ವನಿವರ್ಧಕವಿತ್ತು. ಅಧ್ಯಕ್ಷರ ಮೆತ್ತನೆಯ ಮಾತು ಸಿಡಿಲಾಗಿ ಬರುತ್ತಿತ್ತು:

"ನೂರು ವರ್ಷಗಳ ಹಿಂದೆ ಇಲ್ಲಿ ಏನೂ ಇರಲಿಲ್ಲ, ಯಾರೂ ಇರಲಿಲ್ಲ. ಕಡಲು ತಾನಾಗಿಯೇ ಹಿಂದೆ ಸರಿದು ಈ ನೆಲವನ್ನು ನಮ್ಮ ಹಿರಿಯರ ಕೈಗಿಟ್ಟಿತು..."

ಚಪ್ಪಾಳೆ.

ಅವಳು ಬಾಗಿಲು ಒದ್ದಳು. ಸರಳು ಹಿಡಿದು ಜಗ್ಗಿದಳು. ಸುತ್ತಿಗೆಯಿಂದ ಗೋಡೆಗೆ ಬಡಿದಳು. ಚಪ್ಪಾಳೆ ಅದನ್ನೂ ನುಂಗಿತು. ಮತ್ತೆ ಗುಂಡಿಯ ಕಿಟಕಿಗೆ ಓಡಿದಳು. ತಮ್ಮ ಮನೆಯ ಬಾಗಿಲು ಅರ್ಧ ತೆರೆದಿತ್ತು, ಗಾಳಿ ಆಡಲಿ ಎಂದು ಅವಳೇ ತೆರೆದಿಟ್ಟು ಬಂದದ್ದು. ನೀರು ನೆಂಟನ ಹಾಗೆ ನೇರ ಒಳಗೆ ಹೋಗುತ್ತಿತ್ತು. ಒಳಗೆ ಮಂಚವಿತ್ತು. ಮಂಚದ ಕಾಲು ಮೊಣಕಾಲಿಗಿಂತ ಒಂದು ಗೇಣು ಎತ್ತರ, ಹೆಚ್ಚಿಲ್ಲ.

ಚಕ್ರಮ್ಮ ಸುತ್ತಿಗೆ ಬಿಸಾಡಿದಳು. ಚಕ್ರಕ್ಕೆ ಕೈ ಹಚ್ಚಿ, ಯಾವ ಉಬ್ಬರದಲ್ಲೂ ತಿರುಗಿಸದ ಕಡೆಗೆ ತಿರುಗಿಸಿದಳು. ಬಾಗಿಲಿನ ಮೇಲೆ ಕಡಲೇ ಒರಗಿ ನಿಂತಿತ್ತು. ಚಕ್ರ ಬರಲಿಲ್ಲ. ಕಾಲನ್ನು ಗೋಡೆಗೆ ಊರಿ ಮತ್ತೆ ಎಳೆದಳು. ಹೆಗಲಲ್ಲಿ ಏನೋ ಹರಿಯಿತು. ಚಕ್ರ ಒಂದು ಬೆರಳು ಬಂತು. ಆಮೇಲೆ ಒಂದು ಗೇಣು. ಆಮೇಲೆ ಬಂತು.

ನೀರು ಬಲಕ್ಕೂ ಹೊರಳಿತು.

ಅದು ಹುಲ್ಲುಹಾಸಿನ ಮೇಲೆ ಸದ್ದಿಲ್ಲದೆ ಹರಡಿಕೊಂಡಿತು. ಮೊದಲು ರತ್ನಗಂಬಳಿಯ ಬಣ್ಣ ಕಪ್ಪಾಯಿತು. ಮುಂದಿನ ಸಾಲಿನಲ್ಲಿ ಒಬ್ಬರು ಕಾಲೆತ್ತಿದರು, ಆಮೇಲೆ ಇಡೀ ಸಾಲು ಕಾಲೆತ್ತಿತು. ಯಾರೋ ಕಿರುಚಿದರು. ಧ್ವನಿವರ್ಧಕ ಒಂದು ಸಲ ಕೀರಲಿಟ್ಟು ಸತ್ತಿತು.

ಆ ಮೌನದಲ್ಲಿ ಅವಳು ಮತ್ತೆ ಕೂಗಿದ್ದು ಕೇಳಿರಬೇಕು. ಒಂಟೆ ತಟ್ಟೆ ಬಿಟ್ಟು ಗುಂಡಿಯ ಕಡೆ ತಿರುಗಿದ್ದು ಕಂಡಿತು. ಆದರೆ ಯಾರೋ ಅವನ ತೋಳು ಹಿಡಿದರು. "ಕುರ್ಚಿ ಎತ್ರೋ! ಮೊದ್ಲು ಕುರ್ಚಿ ಎತ್ರೋ!" ಎಂಬ ಗದ್ದಲದಲ್ಲಿ ಅವನು ಮತ್ತೆ ಕಾಣಲಿಲ್ಲ.

ಬೀಗ ತೆಗೆಯುವ ಸದ್ದಾಯಿತು. ಚಕ್ರಮ್ಮ ತನ್ನ ಎರಡೂ ತೋಳುಗಳನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ, ಹಿಂದಿನ ಕಂಬವನ್ನು ತಬ್ಬಿ, ಬೆರಳು ಹೆಣೆದುಕೊಂಡಳು. ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿದಳು.

"ಬಿಡೇ ಸೂಳೇ!" ಮೇಸ್ತ್ರಿ ಅವಳ ಜುಟ್ಟು ಹಿಡಿದು ಎಳೆದ. "ಬಿಡು! ಮನೆ ಖಾಲಿ ಮಾಡಿಸ್ತೀನಿ! ಬೀದಿಗೆ ಹಾಕಿಸ್ತೀನಿ!"

"ಹಾಕಿಸ್ಕೋ. ನಮ್ಮಪ್ಪ ಉಸಿರಾಡ್ತಾ ಇದ್ರೆ ಸಾಕು, ಹಾಕಿಸ್ಕೋ."

ಅವನು ಎಳೆದ. ಹೊಡೆದ. ಇನ್ನಿಬ್ಬರು ಬಂದು ಎಳೆದರು. ಹೆಣೆದ ಬೆರಳು ಬಿಡಲಿಲ್ಲ.

ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಷರಾಯಿಯ ಅಂಚು ಒದ್ದೆಯಾಗಿತ್ತು. ನೀರು ಅವರ ಪಾದ ಮುಳುಗಿಸಿತ್ತು.

"ಏನಮ್ಮಾ ಇದು," ಎಂದರು, ಮೆತ್ತಗೆ. "ತೋಳು ತೆಗಿ. ಚಕ್ರ ತಿರುಗಿದ್ರೆ ಮುರಿದುಹೋಗುತ್ತೆ."

ಚಕ್ರಮ್ಮ ಹೆಣೆದ ಬೆರಳುಗಳನ್ನು ಇನ್ನೂ ಬಿಗಿದಳು. ಅವಳ ಮುಖ ಗುಂಡಿಯ ಕಿಟಕಿಯ ಕಡೆಗಿತ್ತು. ಅಲ್ಲಿ ನೀರು ತಮ್ಮ ಮನೆಯ ಬಾಗಿಲಲ್ಲಿ ಮೊಣಕಾಲ ಮಟ್ಟಕ್ಕೆ ಬಂದು ನಿಂತಿತ್ತು. ಇಳಿದಿರಲಿಲ್ಲ. ಏರಿಯೂ ಇರಲಿಲ್ಲ.

ಅಧ್ಯಕ್ಷರು ಒಮ್ಮೆ ಹಿಂದಕ್ಕೆ ತಿರುಗಿ ಪೆಂಡಾಲು ನೋಡಿದರು. ತಲೆಯಾಡಿಸಿದರು.

"ತಿರುಗ್ಸಿ," ಎಂದರು.

ಮೇಸ್ತ್ರಿ ಅಂಗೈಗೆ ಉಗುಳಿಕೊಂಡು ಚಕ್ರದ ಒಂದು ಬದಿ ಹಿಡಿದ. ಇನ್ನಿಬ್ಬರು ಇನ್ನೊಂದು ಬದಿ ಹಿಡಿದರು.