ಮೇಲಿನ ಮಹಡಿಯ ಹಾಲು

ನವಜಾತ ಶಿಶುಗಳ ಘಟಕದಲ್ಲಿ ಆ ಸಿಸ್ಟರ್ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಬಾಯಿ ಜೋರು, ಕೈ ಮೆದು. ಹೆಬ್ಬೆರಳು ಗಾತ್ರದ ತೋಳಿನಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ನರ ಸಿಗದ ಕೂಸು ಬಂದರೆ ಡಾಕ್ಟರೇ ಸೂಜಿ ಕೆಳಗಿಟ್ಟು ಅವಳ ಕಡೆ ನೋಡುತ್ತಿದ್ದರು.

ಆ ಸೋಮವಾರ ಬಂದದ್ದು ಒಂದು ಕಿಲೋ ನೂರೈವತ್ತು ಗ್ರಾಂ ತೂಕದ ಗಂಡುಮಗು. ತಾಯಿ ಬಸ್ ಕಂಡಕ್ಟರ್. ಇನ್ನೂ ಏಳು ತಿಂಗಳು. ಡಿಪೋದಲ್ಲಿ ರಜೆ ಚೀಟಿ ಬರೆದುಕೊಡಲು ಹೋದವಳು ಅಲ್ಲೇ ಕುಸಿದಿದ್ದಳು. ರಕ್ತದ ಒತ್ತಡ ನೆತ್ತಿಗೇರಿ ಎರಡು ಸಲ ಫಿಟ್ಸ್ ಬಂದಿತ್ತು. ಇಬ್ಬರಲ್ಲಿ ಒಬ್ಬರಾದರೂ ಉಳಿಯಲಿ ಎಂದು ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಸದ್ಯಕ್ಕೆ ಇಬ್ಬರೂ ಉಳಿದರು. ತಾಯಿ ಮೇಲಿನ ಮಹಡಿಯ ನಿಗಾ ಕೋಣೆಯಲ್ಲಿ, ಮಗು ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ.

ಅವಳು ಮಗನನ್ನು ನೋಡಿದ್ದು ಗಂಡನ ಮೊಬೈಲಿನಲ್ಲಿ. ಮೂಗಿಗೆ ನಳಿಕೆ, ಕೆನ್ನೆಗೆಲ್ಲ ಅಂಟುಪಟ್ಟಿ, ಹುಬ್ಬಿನವರೆಗೆ ಟೋಪಿ.

"ಇದ್ರಲ್ಲಿ ನನ್ನ ಮಗ ಎಲ್ಲಿದಾನ್ರೀ?" ಎಂದಳು.

"ಚೋಟುದ್ದ ಇದಾನೆ ಕಣೇ. ಆದ್ರೆ ನಿನ್ನ ಹಾಗೇ ಜಗಳಗಂಟ. ಸಿಸ್ಟರ್ ಬೆರಳು ಹಿಡ್ಕೊಂಡ್ರೆ ಬಿಡೋದೇ ಇಲ್ಲ," ಎಂದ ಗಂಡ. ಅಂದಿನಿಂದ ಮಗುವಿಗೆ ಚೋಟು ಎಂದೇ ಹೆಸರಾಯಿತು.

ಮಂಗಳವಾರ ಬೆಳಿಗ್ಗೆ ಸಿಸ್ಟರ್ ಮೇಲೆ ಹೋಗಿ, ಕೈಯಿಂದಲೇ ಎದೆಹಾಲು ಹಿಂಡುವುದನ್ನು ಕಲಿಸಿಕೊಟ್ಟಳು. ಅರ್ಧ ಗಂಟೆ ಹಿಂಡಿದ್ದಕ್ಕೆ ಸ್ಟೀಲ್ ಬಟ್ಟಲಿನ ತಳ ಒದ್ದೆಯಾಯಿತು, ಅಷ್ಟೇ.

"ಇಷ್ಟೇನಾ ಸಿಸ್ಟರ್? ಒಂದು ಚಮಚಾನೂ ಆಗಲ್ಲ."

"ಅವನ ಹೊಟ್ಟೆ ಗೋಲಿಯಷ್ಟಿದೆ ಕಣಮ್ಮ. ಅವನಿಗೆ ಇದೇ ಭರ್ಜರಿ ಊಟ."

"ಹಾಗಾದ್ರೆ ಎರಡೇ ಸೀಟಿನ ಬಸ್ಸು ಅನ್ನಿ," ಎಂದು ಅವಳು ನಕ್ಕಳು. ನಕ್ಕಿದ್ದಕ್ಕೆ ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು. ಸಿಸ್ಟರಿಗೆ ಆಗಲೇ ಅವಳು ಹಿಡಿಸಿಬಿಟ್ಟಳು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮಗು ಉಸಿರು ಮರೆಯತೊಡಗಿತು. ಪಾದಕ್ಕೆ ಮೆಲ್ಲಗೆ ತಟ್ಟಿದರೆ ಮತ್ತೆ ಎಳೆದುಕೊಳ್ಳುತ್ತಿತ್ತು, ಆಮೇಲೆ ತಟ್ಟಿದರೂ ಎಳೆದುಕೊಳ್ಳಲಿಲ್ಲ. ನಳಿಕೆಯಲ್ಲಿ ರಕ್ತ ಕಾಣಿಸಿತು. ಡಾಕ್ಟರು ಎರಡು ಹೆಬ್ಬೆರಳುಗಳಿಂದ ಎದೆ ಒತ್ತುತ್ತಿದ್ದರು, ಸಿಸ್ಟರ್ ಗಾಳಿಯ ಚೀಲ ಅದುಮುತ್ತಾ ಎಣಿಸುತ್ತಿದ್ದಳು. ಹತ್ತೂವರೆಗೆ ಡಾಕ್ಟರು ಕೈ ತೆಗೆದರು.

ಘಟಕದ ಹೊರಗೆ ಗಂಡ ಗೋಡೆಗೆ ಮುಖ ಕೊಟ್ಟು ನಿಂತ. ಮಾತಾಡಿದ್ದು ಅವನ ತಾಯಿ.

"ಸಿಸ್ಟರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಸೊಸೆಗೆ ಹೇಳ್ಬೇಡಿ. ಇದನ್ನ ಕೇಳಿದ್ರೆ ಅವಳಿಗೆ ಮತ್ತೆ ಫಿಟ್ಸ್ ಬರುತ್ತೆ. ಕೂಸಂತೂ ಹೋಯ್ತು. ಅವಳನ್ನಾದ್ರೂ ಮನೆಗೆ ಕರ್ಕೊಂಡು ಹೋಗ್ತೀನಿ."

ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ, ಇದ್ದದ್ದು ಹೆದರಿಕೆ. ಡಾಕ್ಟರೂ ತಲೆಯಾಡಿಸಿದರು. "ಬಿಪಿ ಇನ್ನೂ ಇಳಿದಿಲ್ಲ. ಶನಿವಾರ ನಾನೇ ಹೇಳ್ತೀನಿ. ಅಲ್ಲಿವರೆಗೆ ಯಾರೂ ಬಾಯಿ ಬಿಡೋದು ಬೇಡ."

ಒಂದು ಸಲ ಮೇಲೆ ಎತ್ಕೊಂಡು ಹೋಗಿ ಅವಳಿಗೆ ತೋರಿಸೋಣ ಡಾಕ್ಟ್ರೇ, ನಾನು ಪಕ್ಕದಲ್ಲೇ ಇರ್ತೀನಿ ಎನ್ನುವ ಮಾತು ಸಿಸ್ಟರ್ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿಕೊಂಡಳು. ನಳಿಕೆ ತೆಗೆದು, ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಅಂಟಿನ ಕಲೆ ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗಿಟ್ಟಳು. ಮಧ್ಯಾಹ್ನ ಎರಡರ ಹೊತ್ತಿಗೆ ಅವನು ಮಣ್ಣು ಮಾಡಿ ಬಂದ.

ಅದಕ್ಕೂ ಮೊದಲೇ, ಹನ್ನೊಂದಕ್ಕೆ, ಹಾಲು ಹಿಂಡಿಟ್ಟಿದೆ ಎಂದು ಮೇಲಿನಿಂದ ಕರೆ ಬಂದಿತ್ತು. ಹೋಗದಿದ್ದರೆ ಅನುಮಾನ ಬರುತ್ತದೆಂದು ಸಿಸ್ಟರ್ ಹೋದಳು.

"ನಿನ್ನೆಗಿಂತ ಎರಡರಷ್ಟು!" ಕಂಡಕ್ಟರ್ ಬಟ್ಟಲನ್ನು ಮೇಲೆತ್ತಿ ತೋರಿಸಿದಳು. "ಬೆಳಿಗ್ಗೆ ಎಷ್ಟು ಕುಡ್ದ?"

"ಎರಡು ಎಂಎಲ್," ಎಂದಳು ಸಿಸ್ಟರ್.

ಕೆಳಗೆ ಬಂದು ಹಾಲನ್ನು ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದಳು. ಬಿಳಿ ಬಣ್ಣ ಹೋದ ಮೇಲೂ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ. ಮುಂದಿನ ಸಲದ ಹಾಲನ್ನು ಸುರಿಯಲು ಅವಳಿಂದಾಗಲಿಲ್ಲ. ಪುಟ್ಟ ಬಾಟಲಿಗೆ ಹಾಕಿ, ಹಾಸಿಗೆಯ ಸಂಖ್ಯೆ, ತಾರೀಖು, ಹೊತ್ತು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನ ಹಿಂಬದಿಯಲ್ಲಿಟ್ಟಳು.

ಗುರುವಾರ ಚೋಟು ಮೂರು ಎಂಎಲ್ ಕುಡಿದ. ಸಂಜೆಗೆ ನಾಲ್ಕು. ಸುಳ್ಳು ಹೇಳುವುದು ಕಷ್ಟವಾಗುತ್ತಿರಲಿಲ್ಲ, ಅದನ್ನು ನಂಬಿದವಳ ಮುಖ ನೋಡುವುದು ಕಷ್ಟವಾಗುತ್ತಿತ್ತು. ಹಾಲು ಹೆಚ್ಚಲಿ ಎಂದು ಕಂಡಕ್ಟರ್, ಯಾರು ಬೇಡವೆಂದರೂ, ಎದ್ದು ಕೂರುತ್ತಿದ್ದಳು, ವಾಕರಿಕೆ ಬಂದರೂ ಗಂಜಿ ಕುಡಿಯುತ್ತಿದ್ದಳು, ತನ್ನ ಪಾಡಿಗೆ ತಾನು ಗಡಿಯಾರ ನೋಡಿ ಹಿಂಡುತ್ತಿದ್ದಳು. ಅತ್ತೆ ಹಾಸಿಗೆಯ ಪಕ್ಕ ಕೂತು "ಸಾಕು ಬಿಡೇ, ಸುಸ್ತಾಗುತ್ತೆ" ಎನ್ನುತ್ತಾ ಕಣ್ಣು ತಪ್ಪಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಸಿಸ್ಟರ್ ಹೋದಾಗ ಕಂಡಕ್ಟರ್ ಕಾಲು ಕೆಳಗೆ ಬಿಟ್ಟು ಕೂತಿದ್ದಳು. ಅತ್ತೆ ಊಟಕ್ಕೆ ಹೋಗಿದ್ದಳು. ಬಟ್ಟಲು ತುಂಬಿತ್ತು.

"ಇವತ್ತು ಬಿಪಿ ಇಳಿದಿದೆಯಂತೆ. ಹಾಲು ನಾನೇ ತರ್ತೀನಿ ಸಿಸ್ಟರ್. ಗಾಲಿ ಕುರ್ಚಿ ಕೊಡಿ."

"ನಾಳೆ ಡಾಕ್ಟ್ರು ಬಂದ ಮೇಲೆ ನೋಡೋಣಮ್ಮ."

"ಬೆಳಿಗ್ಗೆ ಎಷ್ಟು ಕುಡ್ದ?"

"ಐದು."

ಕಂಡಕ್ಟರ್ ಅವಳನ್ನೇ ನೋಡಿದಳು. "ಒಂಬತ್ತು ವರ್ಷ ಬಸ್ಸಲ್ಲಿ ನಿಂತಿದೀನಿ. ದೊಡ್ಡ ಮಗೂನ ಮಡಿಲಲ್ಲಿ ಕೂರಿಸ್ಕೊಂಡು ಇನ್ನೂ ಆರು ತುಂಬಿಲ್ಲ, ಟಿಕೆಟ್ ಬೇಡ ಅನ್ನೋರನ್ನ ದಿನಾ ನೋಡ್ತೀನಿ. ನಿಮ್ಮ ಮುಖ ಈಗ ಹಾಗೇ ಇದೆ. ನನ್ನ ಮಗ ಇದಾನಾ?"

ಸಿಸ್ಟರ್ ಬಾಗಿಲು ಮುಂದಕ್ಕೆಳೆದು, ಕೈಯೂರಿ ಹಾಸಿಗೆಯ ಅಂಚಿಗೆ ಕೂತಳು.

"ಇಲ್ಲ ಕಣಮ್ಮ. ಹೋಗ್ಬಿಟ್ಟ."

"ಯಾವಾಗ?"

"ಬುಧವಾರ. ಬೆಳಿಗ್ಗೆ ಹತ್ತೂವರೆಗೆ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು. "ಹನ್ನೊಂದಕ್ಕೆ ನೀವು ಬಂದ್ರಿ. ಎರಡು ಎಂಎಲ್ ಕುಡ್ದ ಅಂದ್ರಿ."

"ಅಂದೆ."

"ಎಲ್ಲಿದಾನೆ ಈಗ?"

"ನಿಮ್ಮ ಮನೆಯವ್ರು ಮಣ್ಣು ಮಾಡಿ ಬಂದ್ರು."

ಅವಳು ಕಿರುಚಲಿಲ್ಲ. ಫಿಟ್ಸೂ ಬರಲಿಲ್ಲ. ಎದೆಯ ಹತ್ತಿರ ನೈಟಿ ತಾನಾಗಿ ಒದ್ದೆಯಾಗುತ್ತಿತ್ತು. ಅದನ್ನು ಅವಳು ತಲೆ ಬಗ್ಗಿಸಿ, ಬೇರೆ ಯಾರದೋ ಬಟ್ಟೆ ಎಂಬಂತೆ ನೋಡಿದಳು. ಆಮೇಲೆ, "ನಾನು ಕೊಟ್ಟ ಹಾಲು ಏನ್ಮಾಡಿದ್ರಿ?" ಎಂದಳು.

"ಮೊದಲನೇದು ಚೆಲ್ಲಿದೆ. ಆಮೇಲಿನದೆಲ್ಲ ಫ್ರಿಜ್ಜಲ್ಲಿದೆ."

"ತನ್ನಿ."

ಸಿಸ್ಟರ್ ಟ್ರೇಯಲ್ಲಿ ಹನ್ನೊಂದು ಬಾಟಲಿ ತಂದಳು. ಕೆಳಗೆ ಮೂರನೇ ಪೆಟ್ಟಿಗೆಯ ಮಗುವಿನ ತಾಯಿಗೆ ಹಾಲಿರಲಿಲ್ಲ. ಇದನ್ನು ಆ ಕೂಸಿಗೆ ಕೊಡೋಣವೆಂಬ ಮಾತು ಎತ್ತುವ ಧೈರ್ಯ ಸಿಸ್ಟರಿಗಾಗಲಿಲ್ಲ, ಎತ್ತುವುದು ಸರಿಯೆಂದೂ ಅನಿಸಲಿಲ್ಲ. ಕಂಡಕ್ಟರ್ ಗೋಡೆ ಹಿಡಿದು ಬಚ್ಚಲಿಗೆ ನಡೆದಳು. ಒಂದೊಂದೇ ಬಾಟಲಿಯ ಚೀಟಿ ಓದಿ, ಮುಚ್ಚಳ ತೆಗೆದು, ತಾನೇ ಸುರಿದಳು. ಎಂಟನೆಯದಕ್ಕೆ ಅವಳು ಪಕ್ಕಕ್ಕೆ ವಾಲಿದಳು. ಸಿಸ್ಟರ್ ಹಿಂದಿನಿಂದ ತೋಳು ಹಾಕಿ ಹಿಡಿದುಕೊಂಡಳು. "ಮುಟ್ಬೇಡಿ" ಎಂದಳು ಕಂಡಕ್ಟರ್. ಸಿಸ್ಟರ್ ಬಿಡಲಿಲ್ಲ, ಬಿಟ್ಟಿದ್ದರೆ ಬೀಳುತ್ತಿದ್ದಳು. ಉಳಿದ ಮೂರನ್ನೂ ಕಂಡಕ್ಟರ್ ಹಾಗೇ ಸುರಿದು ಮುಗಿಸಿದಳು.

ಹಾಸಿಗೆಗೆ ಬಂದು ಮಗ್ಗುಲಾಗಿ ಮಲಗಿದ ಮೇಲೆ, ಗೋಡೆಯ ಕಡೆ ತಿರುಗಿಯೇ ಕೇಳಿದಳು:

"ಪಟ್ಟಿ ತೆಗೆದ ಮೇಲೆ ಅವನ ಮುಖ ನೋಡಿದ್ರಾ?"

"ನೋಡ್ದೆ. ನಾನೇ ಒರೆಸಿದ್ದು."

"ಹೇಳಿ."

ಸಿಸ್ಟರ್ ಹೇಳಿದಳು. ತಲೆತುಂಬಾ ಕೂದಲಿತ್ತು, ಟೋಪಿಯಡಿಯಲ್ಲಿ ಒತ್ತಿಹೋಗಿತ್ತು. ಎಡಗಿವಿಯ ಅಂಚು ಇನ್ನೂ ಮಡಿಚಿಕೊಂಡೇ ಇತ್ತು. ಗದ್ದ ಚೂಪು, ನಿಮ್ಮದೇ. ಕೆಳತುಟಿ ಸ್ವಲ್ಪ ಮುಂದಕ್ಕಿತ್ತು, ಸಿಟ್ಟು ಮಾಡಿಕೊಂಡವರ ಹಾಗೆ. ಹೇಳಲು ಇದ್ದದ್ದು ಅಷ್ಟೇ. ಎರಡು ದಿನದ ಮಗುವಿನ ಬಗ್ಗೆ ಇನ್ನೆಷ್ಟು ತಾನೇ ಹೇಳಲು ಸಾಧ್ಯ? ಆದರೂ ಕಂಡಕ್ಟರ್ "ಇನ್ನೂ ಹೇಳಿ" ಎಂದಳು. ಸಿಸ್ಟರ್ ಅದನ್ನೇ ಮೊದಲಿನಿಂದ ಹೇಳಿದಳು. ಆಗ ಕಂಡಕ್ಟರಿಗೆ ಅಳು ಬಂತು.

ಊಟ ಮುಗಿಸಿ ಬಂದ ಅತ್ತೆ ಬಾಗಿಲಲ್ಲೇ ಕುಸಿದಳು. ಗಂಡ ಸಂಜೆ ಬಂದು, ಯಾರು ಹೇಳಿದ್ದು ಎಂದು ಪಡಸಾಲೆ ಅದುರುವಂತೆ ಕೂಗಾಡಿದ. ಹೆಂಡತಿ ಅವನೊಡನೆ ಒಂದು ಮಾತೂ ಆಡಲಿಲ್ಲ. ಬಿಡುಗಡೆಯ ದಿನ ಬಾಯಿ ಬಿಟ್ಟು, "ಮನೆಗಲ್ಲ. ಮೊದಲು ಅವನಿರೋ ಜಾಗಕ್ಕೆ" ಎಂದಳಂತೆ. ಸಿಸ್ಟರಿಗೆ ಹೋಗಿಬರ್ತೀನಿ ಎಂದೂ ಹೇಳಲಿಲ್ಲ.

ಆಜ್ಞೆ ಮೀರಿದ್ದಕ್ಕೆ ಮೇಲ್ವಿಚಾರಕಿ ಬರಹದಲ್ಲಿ ವಿವರಣೆ ಕೇಳಿದಳು. ಸಿಸ್ಟರ್ ನಾಲ್ಕು ಸಾಲು ಬರೆದುಕೊಟ್ಟಳು. ಶುಕ್ರವಾರ ಹೇಳಿದ್ದು ನಿಜ, ಬುಧವಾರವೇ ಮಗುವನ್ನು ತಾಯಿಯ ಕೈಗೆ ಕೊಡಬೇಕಿತ್ತು, ಕೊಡದೆ ಸುಳ್ಳು ಹೇಳಿದ್ದು ನನ್ನ ತಪ್ಪು ಎಂದಿತ್ತು.

"ಈ ಕೊನೇ ಸಾಲು ತೆಗಿಯೇ ಮಾರಾಯ್ತಿ," ಎಂದಳು ಮೇಲ್ವಿಚಾರಕಿ, ಕನ್ನಡಕ ಕೆಳಗಿಳಿಸಿ. "ಕೇಳಿದ್ದು ಯಾಕೆ ಹೇಳಿದೆ ಅಂತ. ನೀನು ಯಾಕೆ ಹೇಳಲಿಲ್ಲ ಅಂತ ಬರ್ದಿದೀಯ."

"ಅದು ಹಾಗೇ ಇರ್ಲಿ ಮೇಡಂ."

ಮರುವಾರ ಅವಳನ್ನು ಶಿಶುಗಳ ಘಟಕದಿಂದ ತೆಗೆದು ಹೊರರೋಗಿಗಳ ವಿಭಾಗಕ್ಕೆ ಹಾಕಿದರು.