ಗೊರಕೆಯ ಸದ್ದು ನಿಂತಾಗ

ಆ ಪ್ರಾಣಿ ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಉಡ ಎಂದೇ ಕರೆಯುತ್ತಿದ್ದರು. ಹಿಡಿದರೆ ಬಿಡುವವನಲ್ಲ, ಅದಕ್ಕೆ. ಪರಚುವ ಬೆಕ್ಕಿರಲಿ, ಹಲ್ಲು ಕಿರಿಯುವ ನಾಯಿಯಿರಲಿ, ಮೇಜಿನ ಮೇಲೆ ಅವನು ಒಮ್ಮೆ ಪಟ್ಟು ಹಾಕಿದನೆಂದರೆ ಡಾಕ್ಟರಮ್ಮ ನಿಶ್ಚಿಂತೆಯಿಂದ ಸೂಜಿ ಚುಚ್ಚಬಹುದಿತ್ತು. ಹೊಸಬರು ಕಚ್ಚಿಸಿಕೊಂಡು ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತರೆ ಉಡ ಮೀಸೆಯಲ್ಲೇ ನಗುತ್ತಿದ್ದ. ಆ ಹೆಸರು ಅವನಿಗೆ ಬೈಗುಳವಲ್ಲ, ಬಿರುದು.

ಅವನ ಹೆಂಡತಿಯ ತಂಗಿ ಅದೇ ಆಸ್ಪತ್ರೆಯಲ್ಲಿ ನರ್ಸು. ಸುತ್ತಲಿನ ಪ್ರಾಣಿ ಆಸ್ಪತ್ರೆಗಳ ಸಿಬ್ಬಂದಿಗೆಲ್ಲ ತಿಂಗಳಿಗೊಮ್ಮೆ ತರಬೇತಿ ನಡೆಯುತ್ತಿತ್ತು. ಮಳೆಯಿರಲಿ ಬಿಸಿಲಿರಲಿ, ಅವಳು ತಪ್ಪಿಸುತ್ತಿರಲಿಲ್ಲ. ಉಡ ಒಮ್ಮೆಯೂ ಆ ಕಡೆ ತಲೆ ಹಾಕಿದವನಲ್ಲ.

"ಭಾವ, ಈ ಭಾನುವಾರ ನೀವೂ ಬನ್ನಿ. ಪ್ರಾಣಿ ಹಿಡಿಯೋದರ ಬಗ್ಗೆನೇ ಹೇಳ್ಕೊಡ್ತಾರಂತೆ."

"ನನಗೆ ಹಿಡಿಯೋದು ಹೇಳ್ಕೊಡ್ತಾರಾ? ಮೇಷ್ಟ್ರಾಗಿ ಕರೆದರೆ ಬರ್ತೀನಿ ಅಂತ ಹೇಳು."

"ಕಾಲ ಬದಲಾಗಿದೆ ಭಾವ."

"ಕಾಲ ಬದಲಾಗಿರಬಹುದು. ನಾಯಿ ಬಾಯಲ್ಲಿರೋ ಹಲ್ಲು ಹಾಗೇ ಇದೆಯಲ್ಲ!"

ಮನೆಯಲ್ಲಿ ಹೆಂಡತಿಯೂ ಗಂಡನ ಕಡೆಗೇ. "ವಾರಕ್ಕೊಂದು ರಜೆ ಕಣೇ. ಅದನ್ನೂ ಕಿತ್ಕೋಬೇಡ" ಎಂದು ತಂಗಿಯ ಬಾಯಿ ಮುಚ್ಚಿಸಿದಳು. ಆ ಭಾನುವಾರ ಉಡ ಹೊದ್ದು ಮಲಗಿದ. ನಾದಿನಿಯೊಬ್ಬಳೇ ಹೋಗಿ ಬಂದಳು.

ಅದಾದ ಕೆಲವೇ ದಿನಕ್ಕೆ ದರ್ಜಿ ತನ್ನ ನಾಯಿಯನ್ನು ಎತ್ತಿಕೊಂಡು ಬಂದ. ಚಪ್ಪಟೆ ಮೂಗಿನ, ಗಿಡ್ಡ ಕಾಲಿನ ನಾಯಿ. ಹೊಲಿಗೆ ಯಂತ್ರದ ಕೆಳಗೆ ಮಲಗಿದರೂ ಗೊರ ಗೊರ, ಎದ್ದು ಓಡಾಡಿದರೂ ಗೊರ ಗೊರ. ಹಾಗಾಗಿ ಅದರ ಹೆಸರೇ ಗೊರಕೆ. ಒಂಟಿ ಮನುಷ್ಯ ದರ್ಜಿಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಅದೊಂದೇ. "ಇದರ ಸದ್ದು ಕೇಳದೆ ಇದ್ರೆ ನನಗೆ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ ನೋಡಿ" ಎನ್ನುತ್ತಿದ್ದ.

ಕಾಲುಗುರು ಬೆಳೆದು ಬಾಗಿ, ಪಾದಕ್ಕೇ ಚುಚ್ಚುತ್ತಿತ್ತು. ಹೊರಗೆ ಬೆಂಚು ತುಂಬ ಜನ, ಬಿಸಿಲಿನ ಧಗೆ. ಡಾಕ್ಟರಮ್ಮ ಒಳಗಿನ ಕೋಣೆಯಲ್ಲಿ ಒಂದು ಬೆಕ್ಕಿಗೆ ಹೊಲಿಗೆ ಹಾಕುತ್ತಿದ್ದಳು. ನಾದಿನಿ ಅವಳ ಪಕ್ಕದಲ್ಲಿದ್ದಳು. "ಬೇಗ ಉಗುರು ತೆಗೆದು ಕಳಿಸಿಬಿಡಿ" ಎಂದು ಒಳಗಿನಿಂದಲೇ ಅಪ್ಪಣೆಯಾಯಿತು.

ಉಡ ದರ್ಜಿಯನ್ನು ಬಾಗಿಲಾಚೆ ನಿಲ್ಲಿಸಿದ. ನಾಯಿಯ ಕುತ್ತಿಗೆಯನ್ನು ಎಡತೋಳಿನಲ್ಲಿ ಬಳಸಿ, ಬಾಯನ್ನು ಮೊಣಕೈ ಮಡಿಕೆಯಲ್ಲಿ ಒತ್ತಿ ಮುಚ್ಚಿ, ಬಲಗೈಯಲ್ಲಿ ಉಗುರು ಕತ್ತರಿ ಹಿಡಿದ. ಗೊರಕೆ ಒದ್ದಾಡಿತು. ಮೈಯೆಲ್ಲ ತಿರುಚಿತು. ಗಂಟಲಿನ ಸದ್ದು ಕೀರಲಾಯಿತು. ಉಡ ಪಟ್ಟು ಬಿಗಿ ಮಾಡಿದ. ಒಂದು ಉಗುರು ತೆಗೆದ, ಇನ್ನೊಂದನ್ನೂ ತೆಗೆದ. ಅಷ್ಟರಲ್ಲಿ ನಾಯಿಯ ಮೈ ಸಡಿಲವಾಯಿತು.

"ಹಾಂ, ಈಗ ದಾರಿಗೆ ಬಂದೆ ನೋಡು" ಎಂದ.

ಬಾಗಿಲಾಚೆಯಿಂದ ದರ್ಜಿ ಕೇಳಿದ. "ಯಾಕಪ್ಪ, ಸದ್ದೇ ಇಲ್ಲ?"

"ಸುಮ್ಮನಾಗಿದೆ ಯಜಮಾನ್ರೇ! ನನ್ನ ಕೈಗೆ ಸಿಕ್ಕಿದ ಮೇಲೆ ಎಂಥವೂ ಸುಮ್ಮನಾಗಲೇಬೇಕು."

ಆ ಮಾತು ಒಳಕೋಣೆಗೆ ಕೇಳಿಸಿತು. ನಾದಿನಿ ಗ್ಲೌಸು ಹಾಕಿದ ಕೈಯಲ್ಲೇ ಓಡಿಬಂದಳು.

"ಭಾವ, ಬಿಡಿ ಅದನ್ನ!"

"ಈ ಕಾಲಲ್ಲಿ ಎರಡೇ ಉಗುರು ಬಾಕಿ..."

"ನಾಲಿಗೆ ನೋಡಿ ಭಾವ, ನಾಲಿಗೆ! ಉಸಿರಾಡ್ತಿಲ್ಲ ಅದು!"

ನಾಲಿಗೆ ನೀಲಿಗಟ್ಟಿತ್ತು. ಉಡನಿಗೆ ಬಿಡಬೇಕೆಂದು ಗೊತ್ತಾಯಿತು, ಆದರೆ ತೋಳು ಬಿಡಲಿಲ್ಲ. ಪ್ರಾಣಿಯೊಂದು ಮೇಜಿನ ಮೇಲಿರುವಾಗ ಪಟ್ಟು ಸಡಿಲಿಸಿ ಆ ತೋಳಿಗೆ ಅಭ್ಯಾಸವೇ ಇರಲಿಲ್ಲ. ನಾದಿನಿಯೇ ಅವನ ಕೈ ಕಿತ್ತು ಬಿಡಿಸಿದಳು. ನಾಯಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಕುತ್ತಿಗೆ ನೇರ ಮಾಡಿ, ಬಟ್ಟೆಯಿಂದ ನಾಲಿಗೆ ಹಿಡಿದು ಮುಂದಕ್ಕೆ ಎಳೆದಳು. "ಡಾಕ್ಟ್ರೇ! ಆಕ್ಸಿಜನ್!" ಎಂದು ಕೂಗಿದಳು.

ಡಾಕ್ಟರಮ್ಮ ಓಡಿಬಂದಳು. ಯಾರೋ ಸಿಲಿಂಡರ್ ಉರುಳಿಸಿಕೊಂಡು ಬಂದರು. ಡಾಕ್ಟರಮ್ಮ ನಾಯಿಯ ಗಂಟಲಿಗೆ ಕೊಳವೆ ಇಳಿಸಿದಳು. ದರ್ಜಿ ಬಾಗಿಲಲ್ಲಿ ಬಾಯಿಗೆ ಟವೆಲು ಒತ್ತಿಕೊಂಡು ನಿಂತುಬಿಟ್ಟ. ಉಡ ಗೋಡೆಗೆ ಒರಗಿದ. ಎಂದೂ ಯಾರಿಗೂ ತಲೆಬಾಗದವನು ಆಗ ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟ.

ಬಹಳ ಹೊತ್ತಾದ ಮೇಲೆ ನಾಯಿಯ ಪಕ್ಕೆ ಏರಿತು, ಇಳಿಯಿತು. ನಾಲಿಗೆಗೆ ನಿಧಾನಕ್ಕೆ ಬಣ್ಣ ಬಂತು. ಕೊಳವೆ ತೆಗೆದ ಮೇಲೆ ಸಣ್ಣಗೆ, ಒರಟಾಗಿ, ಗೊರ್... ಎಂದಿತು.

ದರ್ಜಿ ಕೂಗಾಡಲಿಲ್ಲ. ಉಡನ ಮುಖ ನೋಡಿ, "ನಿನ್ನನ್ನ ನಂಬಿ ಬಾಗಿಲಾಚೆ ನಿಂತಿದ್ದೆನಲ್ಲಪ್ಪ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಉಡನಿಗೆ.

ಸಂಜೆ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡಳು. ಉಡ ಏಪ್ರನ್ ಮಡಚಿ ಮೇಜಿನ ಮೇಲಿಟ್ಟ.

"ನಾಳೆಯಿಂದ ನಾನು ಬರಲ್ಲಮ್ಮ."

"ಕೂತ್ಕೊಳ್ಳಿ. ಯಾರ ತಲೆಗೆ ಕಟ್ಟೋಣ ಅಂತ ಕರೆದಿಲ್ಲ. ಏನಾಯ್ತು, ಇನ್ನೊಮ್ಮೆ ಆಗದೆ ಇರೋಕೆ ಏನು ಮಾಡ್ಬೇಕು, ಅಷ್ಟು ಮಾತಾಡೋಣ" ಎಂದಳು ಡಾಕ್ಟರಮ್ಮ. "ಚಪ್ಪಟೆ ಮೂಗಿನ ನಾಯಿಗೆ ಉಸಿರಿನ ದಾರಿಯೇ ಕಿರಿದು. ಕುತ್ತಿಗೆ ಒತ್ತಬಾರದು, ಬಾಯಿ ಮುಚ್ಚಬಾರದು. ಇದನ್ನ ನಾನು ನಿಮಗೆ ಯಾವತ್ತಾದ್ರೂ ಹೇಳಿದ್ನಾ? ಬೇಗ ಮುಗಿಸಿ ಅಂದೆ, ಅಷ್ಟೇ. ತರಬೇತಿಗೂ ನಿಮ್ಮ ರಜೆಯಲ್ಲೇ ಹೋಗಿ ಅಂದೆ. ಇನ್ನು ಮೇಲೆ ತರಬೇತಿಯ ದಿನವೂ ಡ್ಯೂಟಿನೇ. ಸಂಬಳ ಉಂಟು, ಬದಲಿ ರಜೆಯೂ ಉಂಟು. ಎಲ್ಲರೂ ಹೋಗ್ಬೇಕು, ನಾನೂ ಬರ್ತೀನಿ."

ಮನೆಗೆ ಬಂದು ಊಟಕ್ಕೆ ಕೂತ ಉಡ ಎರಡು ತುತ್ತಿಗೇ ತಟ್ಟೆ ಸರಿಸಿ ಎದ್ದ. ಜೊತೆಗೆ ಬಂದಿದ್ದ ನಾದಿನಿ ಅವನನ್ನೇ ನೋಡುತ್ತಿದ್ದಳು.

"ಅಲ್ಲಿಗೆ ಹೋದರೆ, ಇಷ್ಟು ವರ್ಷ ನಾನು ಮಾಡಿದ್ದೆಲ್ಲ ತಪ್ಪು ಅಂತ ಒಪ್ಕೊಂಡ ಹಾಗೆ ಅಲ್ವಾ?" ಎಂದ. ಅವನು ಮೇಲೆಮೇಲೆ ಹಾರಾಡುತ್ತಿದ್ದುದರ ಒಳಗಿನ ಹೆದರಿಕೆ ಇದೇ ಆಗಿತ್ತು.

"ಯಾರು ಹಾಗಂದೋರು ಭಾವ? ನಿಮ್ಮ ಕೈಯಿಂದ ಎಷ್ಟು ಪ್ರಾಣಿ ಉಳಿದಿವೆ ಅಂತ ನಾನೇ ಕಂಡಿದ್ದೀನಿ. ಇಂಥ ನಾಯಿಗಳು ಮೊದಲು ನಮ್ಮಲ್ಲಿಗೆ ಬರ್ತಾನೇ ಇರಲಿಲ್ಲ, ಈಗ ದಿನಾ ಬರ್ತಿವೆ. ನನಗೂ ಗೊತ್ತಿರಲಿಲ್ಲ. ಹೋದ ಭಾನುವಾರ ಹೇಳ್ಕೊಟ್ರು, ಇವತ್ತು ಕೈಗೆ ಬಂತು."

ಹೋದ ಭಾನುವಾರ ಎಂದಾಗ ಹೆಂಡತಿಯ ಮುಖ ಸಣ್ಣದಾಯಿತು. ಗಂಡನ ರಜೆಗೆ ಕಾವಲು ಕೂತವಳು ಅವಳೇ ತಾನೆ? "ಹೋಗಿ ಬನ್ನಿ, ರೀ. ಈ ಮುಖ ಹೊತ್ಕೊಂಡು ಮನೇಲಿ ಕೂತ್ರೆ ನನ್ನ ಕೈಲಿ ನೋಡೋಕಾಗಲ್ಲ" ಎಂದಳು.

ಹೋದ. ಮುಂದಿನ ತಿಂಗಳ ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಮುದುರಿ ಕೂತ. ತರಬೇತಿ ಕೊಡುವವಳು ಎಲ್ಲರ ಕೈಗೂ ಒಂದೊಂದು ಸಣ್ಣ ಸ್ಟ್ರಾ ಕೊಟ್ಟು, "ಮೂಗು ಹಿಡ್ಕೊಳ್ಳಿ, ಇದರಲ್ಲೇ ಉಸಿರಾಡಿ. ಪಕ್ಕದವರು ನಿಮ್ಮ ಭುಜ ಅದುಮಿ ಹಿಡೀತಾರೆ. ತಡೆಯೋಕಾಗದಿದ್ರೆ ಮೇಜು ತಟ್ಟಿ, ಬಿಟ್ಟುಬಿಡ್ತಾರೆ" ಎಂದಳು. ಉಡನ ಪಕ್ಕದಲ್ಲಿದ್ದವಳು ನಾದಿನಿ. ಅವಳು ಹಿಡಿದಳು ನೋಡಿ, ಥೇಟ್ ಭಾವನದೇ ಪಟ್ಟು.

ಮೊದಲು ಅವನು ಕೊಸರಾಡಿದ. ಕೊಸರಾಡಿದಷ್ಟೂ ಗಾಳಿ ಸಾಲದಾಯಿತು. ಕಿವಿ ಗುಂಯ್‌ಗುಟ್ಟಿತು. ಇನ್ನು ಒದ್ದಾಡಿದರೆ ಇರುವ ಉಸಿರೂ ಹೋದೀತೆಂದು ಅಲ್ಲಾಡದೆ ಕೂತ.

"ಸುಮ್ಮನಾದ್ರಾ, ಭಾವ?" ಕಿವಿಯ ಹತ್ತಿರ ಅವಳ ದನಿ ಕೇಳಿಸಿತು.

ಉಡ ದಬದಬ ಮೇಜು ತಟ್ಟಿದ. ಸ್ಟ್ರಾ ಉಗಿದು, ಬಾಯ್ತೆರೆದು ಗಾಳಿ ಎಳೆದುಕೊಂಡ. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲೂ ಇಲ್ಲ.

ಮಧ್ಯಾಹ್ನ ಎಲ್ಲರೂ ಸುತ್ತ ಕೂತು ತಂತಮ್ಮ ಕಷ್ಟ ಹೇಳಿಕೊಂಡರು. ಇನ್ನೊಂದು ಆಸ್ಪತ್ರೆಯವನು, ತನ್ನ ಕೈಯಲ್ಲೇ ಒಂದು ಬೆಕ್ಕು ಹೋದ ಮೇಲೆ ನಿದ್ದೆಯೇ ಬಾರದೆ ಇದ್ದದ್ದನ್ನು ಹೇಳಿದ. ಯಾರೂ ನಗಲಿಲ್ಲ. ಉಡನೂ ಬಾಯಿ ಬಿಟ್ಟ. ಎದೆಯ ಮೇಲಿನ ಭಾರ ಇಳಿದಂತಾಯಿತು.

ಮುಂದೆ ದರ್ಜಿ ಮತ್ತೆ ಬಂದ. ಬಾಕಿಯಾಗಿದ್ದ ಉಗುರು ತೆಗೆಯಲೇಬೇಕಿತ್ತು. ಉಡನನ್ನು ಕಂಡೊಡನೆ ನಾಯಿಯನ್ನು ಎದೆಗವಚಿಕೊಂಡ. "ನೀನು ಮುಟ್ಟಬೇಡ."

ಉಡ ಮುಟ್ಟಲಿಲ್ಲ. ನೆಲಕ್ಕೆ ಚಾಪೆ ಹಾಸಿ, ಫ್ಯಾನು ಹಾಕಿ, ತಾನು ಅಲ್ಲೇ ಕೂತ. "ನೀವೂ ಒಳಗೆ ಬನ್ನಿ ಯಜಮಾನ್ರೇ. ನಿಮ್ಮ ತೊಡೆ ಮೇಲೇ ಇರಲಿ. ಸದ್ದು ಒಂಚೂರು ಬದಲಾದ್ರೂ ಬಿಡು ಅನ್ನಿ, ಬಿಡ್ತೀನಿ."

ದರ್ಜಿ ತಡೆದು ತಡೆದು ಕೂತ. ಉಡ ಒಂದು ಪಾದವನ್ನಷ್ಟೇ ಹಗುರಕ್ಕೆ ಹಿಡಿದ. ಒಂದು ಉಗುರು ತೆಗೆದ. ನಾಲಿಗೆಯ ಬಣ್ಣ ನೋಡಿದ, ಕಾಲು ಬಿಟ್ಟ, ಕಾದ. ಹೊರಗೆ ಬೆಂಚಿನವರು ಗೊಣಗಿದರು. ಗೊಣಗಲಿ ಎಂದು ಇನ್ನೂ ಕಾದ. ಕೊನೆಯ ಉಗುರು ಬೀಳುವಾಗಲೂ ಕೋಣೆಯ ತುಂಬ ಗೊರ ಗೊರ ಸದ್ದು. ದರ್ಜಿಯ ಕೈ ನಾಯಿಯ ಮೇಲಿನಿಂದ ಎದ್ದು ಉಡನ ಹೆಗಲ ಮೇಲೆ ಕೂತಿತು.

ಪ್ರಾಣಿ ಆಸ್ಪತ್ರೆಯಲ್ಲಿ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈ ಎಷ್ಟೇ ಪಳಗಿರಲಿ, ಮುಂದಿನ ತರಬೇತಿಗೆ ಹೋಗಿ. ಎಡವಿದ ದಿನ ಒಬ್ಬರೇ ಕೊರಗಬೇಡಿ, ಜೊತೆಯವರ ಹತ್ತಿರ ಹೇಳಿಕೊಳ್ಳಿ. ಆಸ್ಪತ್ರೆ ನಡೆಸುವವರೇ, ಕಲಿಯುವ ದಿನಕ್ಕೂ ಸಂಬಳ ಕೊಡಿ, ತಪ್ಪಾದಾಗ ಕೂರಿಸಿ ಮಾತಾಡಿ. ಪ್ರಾಣಿ ಸಾಕಿದವರೇ, ಬೇಗ ಬೇಗ ಎಂದು ಬಾಗಿಲು ಬಡಿಯಬೇಡಿ. ಒಳಗೆ ಯಾರದೋ ಗೊರಕೆ ನಿಂತಿಲ್ಲ ತಾನೆ ಎಂದು ಒಬ್ಬರು ಕಿವಿಗೊಟ್ಟು ಕೇಳುತ್ತಿರುತ್ತಾರೆ. ನಾಳೆ ಅದು ನಿಮ್ಮ ಮನೆಯದ್ದೇ ಆಗಿರಬಹುದು.